ಬುಟ್ಟಿಗೆ ಬೀಳದ ಲೆಕ್ಕಗಳು

ಆ ಹುಡುಗಿ ದಿನವೂ ನನ್ನ ಕಣ್ಣೆದುರಿಗೇ ಕೂತು ಲೆಕ್ಕ ಮಾಡುತ್ತಿದ್ದಳು. ಶುಕ್ರವಾರ ಬಂತೆಂದರೆ ಹೋಂವರ್ಕ್ ಒಪ್ಪಿಸದವರ ಹೆಸರುಗಳಲ್ಲಿ ಅವಳ ಹೆಸರೂ ಇರುತ್ತಿತ್ತು. ಒಂದು ವಾರವಾದರೆ ಮರೆತಳು ಅನ್ನಬಹುದು. ಇನ್ನೊಂದು ವಾರವಾದರೆ ಸೋಮಾರಿತನ ಅನ್ನಬಹುದು. ಚಳಿಗಾಲದ ರಜೆ ಮುಗಿದು, ಊರಿನ ಹಿಂದಿನ ಗುಡ್ಡಗಳೆಲ್ಲ ಹಸಿರಾದ ಮೇಲೂ ಅದೇ ಕಥೆ ನಡೆದಾಗ ನನಗೆ ತಲೆ ಕೆಟ್ಟುಹೋಯಿತು.

ಎಂಬತ್ತರ ದಶಕದ ಮಧ್ಯದ ಮಾತು. ನಾನಾಗ ಅಮೆರಿಕದ ಮಿಲ್ಪಿಟಾಸ್‌ನ ಒಂದು ಮಿಡ್ಲ್ ಸ್ಕೂಲಿನಲ್ಲಿ ಏಡ್ ಆಗಿದ್ದೆ. ಏಡ್ ಅಂದರೆ ಟೀಚರಲ್ಲ, ಟೀಚರಿಗೆ ಕೈಯಾಸರೆ. ಗಂಟೆ ಲೆಕ್ಕದ ಕೆಲಸ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೆ ಎಂಬುದು ಇಲ್ಲಿ ಯಾರಿಗೂ ಬೇಕಿರಲಿಲ್ಲ, ನನಗೂ ಅದನ್ನು ಹೇಳಿ ಹೇಳಿ ಸಾಕಾಗಿತ್ತು. ಶಾಲೆ ಬಿಟ್ಟ ಮೇಲೆ, ಆಟದ ಮೈದಾನದ ಅಂಚಿಗೆ ಲಾರಿಯಲ್ಲಿ ತಂದು ಇಳಿಸಿದ್ದ ಪೋರ್ಟಬಲ್ ಕೋಣೆಯೊಂದರಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಕೂರಿಸಿಕೊಂಡು ಹೋಂವರ್ಕ್ ಮಾಡಿಸುವುದು ನನ್ನ ಪಾಲಿನ ಕೆಲಸ. ಯಾರು ಯಾವ ವಿಷಯದಲ್ಲಿ ಏನು ಕೊಟ್ಟಿಲ್ಲ ಎಂದು ಟೀಚರುಗಳು ಶುಕ್ರವಾರ ಗುಲಾಬಿ ಬಣ್ಣದ ಚೀಟಿ ಕಳಿಸುತ್ತಿದ್ದರು. ಮುಂದಿನ ವಾರ ಆ ಚೀಟಿ ಹಿಡಿದುಕೊಂಡು ನಾನು ಮಕ್ಕಳ ಬೆನ್ನು ಹತ್ತುತ್ತಿದ್ದೆ.

ಗಣಿತದ ಟೀಚರ ನಿಯಮ ಸರಳವಾಗಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ತಂತಿಯ ಬುಟ್ಟಿ. ಪೀರಿಯಡ್ಡಿನ ಗಂಟೆ ಹೊಡೆಯುವುದರೊಳಗೆ ಹಿಂದಿನ ದಿನದ ಲೆಕ್ಕ ಆ ಬುಟ್ಟಿಯಲ್ಲಿ ಬಿದ್ದಿರಬೇಕು. ಗಂಟೆ ಹೊಡೆದ ಮೇಲೆ ಬುಟ್ಟಿ ಅವರ ಮೇಜಿನ ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ಅಳಲಿ, ಅಂಗಲಾಚಲಿ, ಸೊನ್ನೆ. ಕೆಟ್ಟ ಮನುಷ್ಯರೇನಲ್ಲ ಅವರು. ದಿನಕ್ಕೆ ಐದು ಕ್ಲಾಸಿನ ಕಾಗದ ತಿದ್ದುವವರಿಗೆ ಒಂದು ಗೆರೆ ಬೇಕಾಗುತ್ತದೆ, ಅವರು ಅಲ್ಲಿ ಎಳೆದಿದ್ದರು.

ಹುಡುಗಿ ಏಳನೇ ಗ್ರೇಡು. ಏಳು ಮುಗಿಯುವಾಗ ಶಾಲೆಯವರು ಮಕ್ಕಳನ್ನು ಎರಡು ದಾರಿಗೆ ಹಚ್ಚುತ್ತಿದ್ದರು. ಎಂಟರಲ್ಲಿ ಆಲ್ಜಿಬ್ರಾ ತೆಗೆದುಕೊಳ್ಳುವವರು ಒಂದು ಕಡೆ, ಜನರಲ್ ಮ್ಯಾಥ್ ಎಂಬ ಹೆಸರಿನಲ್ಲಿ ಅದೇ ಭಿನ್ನರಾಶಿ, ಅದೇ ಶೇಕಡಾವಾರನ್ನು ಮತ್ತೊಂದು ವರ್ಷ ಅರೆಯುವವರು ಇನ್ನೊಂದು ಕಡೆ. ಒಮ್ಮೆ ಆ ಕಡೆ ಹೋದ ಮಗು ಹೈಸ್ಕೂಲು ಮುಗಿಸುವ ತನಕ ಒಂದು ಮೆಟ್ಟಿಲು ಹಿಂದೆಯೇ. ಕೌನ್ಸೆಲರು, ಅಂದರೆ ಮಕ್ಕಳ ತರಗತಿ ಹಂಚುವ ಮಹಿಳೆ, ವಸಂತದ ಹೊತ್ತಿಗೆ ಟೀಚರುಗಳ ಶಿಫಾರಸು ನೋಡಿ ನಿರ್ಧಾರ ಮಾಡುತ್ತಿದ್ದರು. ಸೊನ್ನೆಗಳ ಮಾಲೆ ಹಾಕಿಕೊಂಡ ಹುಡುಗಿಗೆ ಶಿಫಾರಸು ಕೊಡುವವರು ಯಾರು?

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಅವಳ ಲಾಕರು ತೆಗೆಸಿ ನೋಡಿದೆ. ಬ್ಯಾಗು ಜೋಡಿಸಿಕೊಟ್ಟೆ, ಬೈಂಡರಿನಲ್ಲಿ ಬಣ್ಣಬಣ್ಣದ ಪದರ ಹಾಕಿಸಿದೆ. "ಎಲ್ಲಿಗಮ್ಮ ಹೋಗುತ್ತೆ ನಿನ್ನ ಹೋಂವರ್ಕು?" ಎಂದು ಕೇಳಿದರೆ ಭುಜ ಕುಣಿಸಿ "ಐ ಡೋಂಟ್ ನೋ, ಆಂಟಿ" ಅನ್ನುತ್ತಿದ್ದಳು. ಶಾಲೆಯಲ್ಲಿ ಆಂಟಿ ಅನ್ನಬೇಡ ಎಂದು ಎಷ್ಟು ಸಲ ಹೇಳಿದ್ದೆನೋ. ಜೋರು ಮಾಡಿದರೆ ಕಣ್ಣು ತುಂಬಿಕೊಳ್ಳುತ್ತಿದ್ದಳು, ಆದರೆ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮಾಡದ ಮಕ್ಕಳ ಹತ್ತಿರ ಮಾಡಿಸುವುದು ಹೇಗೆಂದು ನನಗೆ ಗೊತ್ತಿತ್ತು. ಮಾಡಿಯೂ ಕೊಡದ ಮಗುವನ್ನು ಏನು ಮಾಡಬೇಕೋ ಗೊತ್ತಿರಲಿಲ್ಲ.

ಒಂದು ದಿನ ಗಣಿತದ ಟೀಚರು ಹೊರಡುವ ಅವಸರದಲ್ಲಿ ತಮ್ಮ ಕೋಣೆಯ ಬಾಗಿಲು ತೆರೆದೇ ಬಿಟ್ಟಿದ್ದರು. ಹುಡುಗಿ ಆಗ ತಾನೇ ಲೆಕ್ಕಗಳನ್ನು ಮುಗಿಸಿದ್ದಳು. ನಾನು ಹಿಂದೆ ನಿಂತು ಮೇಲಿಂದ ಮೇಲೆ ನೋಡಿದ್ದೆ, ಒಂದನ್ನೂ ಬಿಡದೆ ಮಾಡಿದ್ದಳು.

"ಹೋಗು, ಈಗ್ಲೇ ಬುಟ್ಟಿಗೆ ಹಾಕಿ ಬಾ. ನಾಳೆ ಮರೆಯೋ ಪ್ರಶ್ನೇನೇ ಇರಲ್ಲ," ಎಂದೆ.

ಅವಳು ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. "ಐ ಕಾಂಟ್. ಇದು ರಫ್."

"ರಫ್ ಅಂದ್ರೆ?"

"ಅಪ್ಪ ನೋಡ್ಬೇಕು. ದೆನ್ ಐ ಮೇಕ್ ದಿ ಫೇರ್."

ಆ ಕೋಣೆಯಲ್ಲಿ, ಆ ಶಾಲೆಯಲ್ಲಿ, ಬಹುಶಃ ಆ ಊರಿನ ಎಲ್ಲ ಶಾಲೆಗಳಲ್ಲಿ ಆ ಎರಡು ಪದದ ಅರ್ಥ ಪೂರ್ತಿ ತಿಳಿಯುವವಳು ನಾನೊಬ್ಬಳೇ ಇದ್ದೆ. ಮೊದಲು ರಫ್ ಪುಸ್ತಕದಲ್ಲಿ ಮಾಡುವುದು, ದೊಡ್ಡವರು ನೋಡುವುದು, ತಪ್ಪು ತಿದ್ದುವುದು, ಆಮೇಲೆ ಮಾರ್ಜಿನ್ ಎಳೆದು, ಇಂಕಿನಲ್ಲಿ, ಕಾಟಿಲ್ಲದೆ ಫೇರ್ ಕಾಪಿ ಬರೆಯುವುದು. ಟೀಚರ ಕೈಗೆ ಹೋಗುವುದು ಫೇರ್ ಮಾತ್ರ. ನಾವೆಲ್ಲ ಬೆಳೆದದ್ದೇ ಹಾಗೆ. ಅಲ್ಲಿ ಟೀಚರುಗಳೂ ಅದಕ್ಕೆ ಕಾಯುತ್ತಿದ್ದರು. ಇಲ್ಲಿ ಬುಟ್ಟಿ ಬೆಳಿಗ್ಗೆಯೇ ಎದ್ದುಹೋಗುತ್ತಿತ್ತು.

"ಫೇರ್ ಯಾವಾಗ ಮಾಡ್ತೀಯ?"

"ಸಂಡೇ."

ಸೋಮವಾರದ ಲೆಕ್ಕದ ಫೇರ್ ಕಾಪಿ ಭಾನುವಾರ! ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ಎರಡೂ ಒಟ್ಟಿಗೆ ಬಂದವು ಅನ್ನಿಸುತ್ತದೆ.

ಆ ಶನಿವಾರ ಅವರ ಮನೆಗೆ ಹೋದೆ. ಏಡ್‌ಗಳು ಮನೆಗೆ ಹೋಗುವ ಪದ್ಧತಿ ಇರಲಿಲ್ಲ, ಆದರೆ ಇಂಥ ಮಾತನ್ನು ಫೋನಿನಲ್ಲಿ ಹೇಳಿ ಪ್ರಯೋಜನವಿಲ್ಲ. ಫ್ರೀವೇಗೆ ಬೆನ್ನು ಹಾಕಿ ನಿಂತ ಟೌನ್‌ಹೌಸ್‌ಗಳ ಸಾಲಿನಲ್ಲಿ ಒಂದು. ಹಾಸನದ ಕಡೆಯವರು, ಹಿಂದಿನ ಬೇಸಿಗೆಯಲ್ಲಷ್ಟೇ ಟೆಕ್ಸಸ್‌ನಿಂದ ಬಂದವರು. ಅಲ್ಲಿನ ಶಾಲೆಯಲ್ಲಿ ಹೋಂವರ್ಕ್ ಎಂಬುದು ಹೆಚ್ಚುಕಡಿಮೆ ಇರಲಿಲ್ಲವಂತೆ. ಹುಡುಗಿಯ ತಾಯಿ "ಬನ್ನಿ ಅಕ್ಕಾ" ಎಂದು ಕರೆದು ಕಾಫಿ ಕೊಟ್ಟರು. ಊಟದ ಮೇಜಿನ ಮೇಲೆ ಸ್ಕೇಲು, ಕೆಂಪು ಪೆನ್ಸಿಲು, ಇಂಕಿನ ಪೆನ್ನು ಸಾಲಾಗಿದ್ದವು. ಅಪ್ಪ ಮಗಳ ಇಡೀ ವಾರದ ರಫ್ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು.

ಅವರ ಉದ್ಯೋಗ ಕೇಳಿದ ಮೇಲೆ ನನಗೆ ಇನ್ನೂ ಹೆದರಿಕೆಯಾಯಿತು. ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಕೊನೆಯ ತಪಾಸಣೆಯ ಇಂಜಿನಿಯರು. ತಯಾರಾದ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಬೆಸುಗೆಯಲ್ಲಿ ಕೂದಲೆಳೆಯ ತಪ್ಪಿದ್ದರೂ ವಾಪಸು ತಳ್ಳುವುದು ಅವರ ಕೆಲಸ.

"ನೋಡಿ ಮೇಡಂ," ಎಂದರು ಅವರು, "ನಾನು ಸೈನ್ ಹಾಕ್ದೆ ನಮ್ಮ ಕಂಪನಿಯಿಂದ ಒಂದು ಬೋರ್ಡೂ ಆಚೆ ಹೋಗಲ್ಲ. ಒಂದು ತಗಡಿನ ತುಂಡಿಗೇ ಅಷ್ಟು ಮರ್ಯಾದೆ ಇರುವಾಗ, ನನ್ನ ಮಗಳು ಬರ್ದಿದ್ದಕ್ಕೆ ಬೇಡ್ವಾ?"

"ಬೇಕು ಸಾರ್. ಆದ್ರೆ ಅದು ಟೀಚರ ಕೈಗೆ ಸೇರ್ತಾನೇ ಇಲ್ವಲ್ಲ."

"ಸೇರುತ್ತೆ. ಕ್ವಾರ್ಟರ್ ಕೊನೇಲಿ ಎಲ್ಲಾ ಒಟ್ಟಿಗೆ ಕಟ್ಟಿ ಕೊಡ್ತಾಳೆ. ನಾವೆಲ್ಲ ಕಾಲೇಜಲ್ಲಿ ರೆಕಾರ್ಡು ಹಂಗೇ ತಾನೇ ಕೊಡ್ತಿದ್ದಿದ್ದು?"

"ಮೊದಲನೇ ಕ್ವಾರ್ಟರಲ್ಲಿ ಅವಳಿಗೆ ಡಿ ಗ್ರೇಡು ಬಂತಲ್ಲ. ಆಗ್ಲೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಮೇಡಂ. ಕ್ವಾಲಿಟಿ ಸಾಲ್ದು ಅಂತ ಗೊತ್ತಾಯ್ತು. ಅದಕ್ಕೇ ಈಗ ಎರಡು ಸಲ ಚೆಕ್ ಮಾಡ್ತಿದೀನಿ."

ನಾನು ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ. ಇಲ್ಲದಿದ್ದರೆ ಕುಕ್ಕಿಬಿಡುತ್ತಿದ್ದೆ.

ಹುಡುಗಿಯನ್ನು ಕೇಳಿದಾಗ ಉಳಿದದ್ದು ಹೊರಬಿತ್ತು. ಮೊದಲ ಕ್ವಾರ್ಟರಿನ, ಅಂದರೆ ಶಾಲಾ ವರ್ಷದ ಮೊದಲ ಕಾಲುಭಾಗದ, ಕೊನೆಗೆ ಅಪ್ಪ ಕಟ್ಟಿಕೊಟ್ಟ ಕಟ್ಟನ್ನು ಅವಳು ತರಗತಿಗೆ ಒಯ್ದಿದ್ದಳು. ಬುಟ್ಟಿ ಆಗಲೇ ಮೇಜಿನ ಹಿಂದೆ ಹೋಗಿತ್ತು. ಹಳೆಯ ಕೆಲಸ ತೆಗೆದುಕೊಳ್ಳುವುದಿಲ್ಲ ಎಂದು ಟೀಚರು ಇನ್ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು, ಕಟ್ಟನ್ನು ಬ್ಯಾಗಿನಿಂದ ತೆಗೆಯದೆ ಹಾಗೆಯೇ ಮನೆಗೆ ತಂದಿದ್ದಳು. ಅಪ್ಪ ಕೇಳಿದಾಗ ಕೊಟ್ಟೆ ಎಂದು ತಲೆಯಾಡಿಸಿದ್ದಳಂತೆ. ಎರಡನೆಯ ಕ್ವಾರ್ಟರಿನಲ್ಲೂ ಅದೇ ಆಯಿತಂತೆ. ಟೀಚರಿಗೆ ಅಪ್ಪನ ನಿಯಮ ಹೇಳಲು ನಾಚಿಕೆ, ಅಪ್ಪನಿಗೆ ಟೀಚರ ನಿಯಮ ಹೇಳಲು ಭಯ. ಹನ್ನೆರಡು ವರ್ಷದ ಮಗು ಇಬ್ಬರು ನಿಯಮವಂತರ ಮಧ್ಯೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿತ್ತು. ಅಪ್ಪ ಮಗಳ ಮುಖವನ್ನೇ ನೋಡುತ್ತಾ ಕೂತರು. ಬೈಯಲಿಲ್ಲ.

ಕೊನೆಗೆ, "ಸರಿ. ನಾನೇ ಬಂದು ಟೀಚರಿಗೆ ತೋರಿಸ್ತೀನಿ. ಕಣ್ಣಾರೆ ನೋಡಿದ್ಮೇಲೆ ಅವ್ರು ಸೊನ್ನೆ ಹೆಂಗ್ ಕೊಡ್ತಾರೆ?" ಎಂದರು.

ಒಂದು ಕ್ಷಣ ನನಗೂ ಅದು ಸರಿ ಅನ್ನಿಸಿತು.

ಮೀಟಿಂಗು ಕೌನ್ಸೆಲರ ಕೋಣೆಯಲ್ಲಿ ನಡೆಯಿತು. ಅಪ್ಪ ಟೈ ಕಟ್ಟಿಕೊಂಡು, ಕಂಕುಳಲ್ಲಿ ಕಟ್ಟು ಹಿಡಿದುಕೊಂಡು ಬಂದರು. ಮೂಲೆಗೆ ತೂತು ಹಾಕಿ, ದಾರ ಪೋಣಿಸಿ, ಮೇಲೆ ರಟ್ಟಿನ ಹೊದಿಕೆ ಹಾಕಿದ ಅಷ್ಟೂ ತಿಂಗಳ ಹೋಂವರ್ಕ್. ಪ್ರತಿ ಪುಟದಲ್ಲೂ ಕೆಂಪು ಮಾರ್ಜಿನ್. ನೀಲಿ ಇಂಕು. ಒಂದು ಕಾಟಿಲ್ಲ, ಒಂದು ತಿದ್ದಿಲ್ಲ, ಒಂದು ಉತ್ತರ ತಪ್ಪಿಲ್ಲ. ನಮ್ಮ ಊರಿನಲ್ಲಾಗಿದ್ದರೆ ಹೆಡ್‌ಮಾಸ್ಟರು ಆ ಕಟ್ಟನ್ನು ಎಲ್ಲ ಕ್ಲಾಸಿಗೂ ಕಳಿಸಿ ತೋರಿಸುತ್ತಿದ್ದರು.

ಗಣಿತದ ಟೀಚರು ನಿಧಾನವಾಗಿ ಪುಟ ತಿರುಗಿಸಿದರು. ಅವರ ಹುಬ್ಬು ಮೇಲಕ್ಕೇರುತ್ತಾ ಹೋದದ್ದನ್ನು ನಾನು ನೋಡಿದೆ. ಅವರು ಕೊಡುತ್ತಿದ್ದುದು ಬೆಸ ಸಂಖ್ಯೆಯ ಲೆಕ್ಕಗಳನ್ನು. ಅವುಗಳ ಉತ್ತರ ಪುಸ್ತಕದ ಹಿಂದೆಯೇ ಅಚ್ಚಾಗಿರುತ್ತದೆ. ಮಕ್ಕಳು ತಾವೇ ಹೋಲಿಸಿ ನೋಡಿಕೊಳ್ಳಲಿ ಎಂದು. ಹಾಗಾಗಿ ಅವರು ಅಂಕ ಕೊಡುತ್ತಿದ್ದುದು ಉತ್ತರಕ್ಕಲ್ಲ, ಮಗು ಎಲ್ಲಿ ತಡವರಿಸಿತು, ಎಲ್ಲಿ ಅಳಿಸಿ ಮತ್ತೆ ಬರೆಯಿತು ಎಂಬುದಕ್ಕೆ. ಈ ಕಟ್ಟಿನಲ್ಲಿ ತಡವರಿಸಿದ ಗುರುತೇ ಇರಲಿಲ್ಲ.

"ಇದು ಬಹಳ ಅಚ್ಚುಕಟ್ಟಾಗಿದೆ," ಎಂದರು ಟೀಚರು ಇಂಗ್ಲಿಷಿನಲ್ಲಿ. "ಏಳನೇ ಗ್ರೇಡಿನವರ ಕೆಲಸ ಹೀಗಿರುವುದನ್ನು ನಾನು ನೋಡೇ ಇಲ್ಲ."

"ಥ್ಯಾಂಕ್ಯೂ ವೆರಿ ಮಚ್," ಎಂದರು ಅಪ್ಪ, ಮುಖ ಅರಳಿಸಿಕೊಂಡು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಹೊಗಳಿಕೆಯಲ್ಲ, ಅನುಮಾನ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಅವರೊಬ್ಬರನ್ನು ಬಿಟ್ಟು. ಹುಡುಗಿಗೂ ಗೊತ್ತಾಗಿತ್ತು. ಅವಳ ಕಿವಿಗಳು ಕೆಂಪಗಾಗಿದ್ದವು.

ಕೌನ್ಸೆಲರು ಮೆತ್ತಗೆ ಕೇಳಿದರು, ಇದಕ್ಕೂ ಮೊದಲು ಪೆನ್ಸಿಲಿನಲ್ಲಿ ಮಾಡಿದ ಹಾಳೆಗಳೇನಾದರೂ ಇವೆಯೇ ಎಂದು. ಹುಡುಗಿಯನ್ನು ಉಳಿಸಬಹುದಾಗಿದ್ದ ಏಕೈಕ ಪ್ರಶ್ನೆ ಅದು.

"ಓ, ರಫ್ ವರ್ಕ್? ಫೇರ್ ಆದ ಮೇಲೆ ಹರಿದು ಎಸೆದುಬಿಡುತ್ತೇವೆ," ಎಂದರು ಅಪ್ಪ ಹೆಮ್ಮೆಯಿಂದ. "ಪ್ರತಿ ಭಾನುವಾರ."

ಟೀಚರು ಕಟ್ಟನ್ನು ಮುಚ್ಚಿದರು. ತಡವಾಗಿ ಬಂದ ಕೆಲಸ ತೆಗೆದುಕೊಳ್ಳುವುದಿಲ್ಲ ಎಂಬ ಪಾಲಿಸಿಯನ್ನು ಮತ್ತೊಮ್ಮೆ ಹೇಳಿದರು. ಪಾಲಿಸಿ, ಪಾಲಿಸಿ! ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಜನರಲ್ ಮ್ಯಾಥ್ ಅವಳಿಗೆ ಆತ್ಮವಿಶ್ವಾಸ ಕೊಡುತ್ತದೆ ಎಂದು ಕೌನ್ಸೆಲರು ಸಮಾಧಾನ ಹೇಳಿದರು. ಗಂಟೆ ಲೆಕ್ಕದ ಏಡ್ ಮೀಟಿಂಗಿನಲ್ಲಿ ಕೂರಬಹುದು, ಕೇಳದೆ ಮಾತಾಡುವಂತಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ.

ಪಾರ್ಕಿಂಗ್ ಲಾಟಿನಲ್ಲಿ ಅಪ್ಪ ಕೇಳಿದರು, "ಚೆನ್ನಾಗಿದೆ ಅಂತಾನೂ ಅಂತಾರೆ, ತಗೊಳಲ್ಲ ಅಂತಾನೂ ಅಂತಾರೆ. ಏನ್ ಮೇಡಂ ಇದು?"

ಹೇಳದೆ ಬೇರೆ ದಾರಿ ಇರಲಿಲ್ಲ. "ಅವ್ರು ಅನ್ಕೊಂಡಿರೋದು ಅದನ್ನ ನೀವು ಮಾಡ್ಕೊಟ್ಟಿದೀರ ಅಂತ. ಇಲ್ಲಾಂದ್ರೆ ಪುಸ್ತಕದ ಹಿಂದೆ ನೋಡಿ ಇಳಿಸಿದಾಳೆ ಅಂತ."

ಅವರು ಕಾರಿನ ಬಾಗಿಲು ಹಿಡಿದುಕೊಂಡು ನಿಂತೇಬಿಟ್ಟರು. "ನನ್ನ ಮಗಳು ಕಾಪಿ ಹೊಡೀತಾಳೆ ಅಂತಲಾ?" ಅಲ್ಲಿಯ ತನಕ ಅವರ ಮೇಲೆ ನನಗೆ ಬರೀ ರೇಗುತ್ತಿತ್ತು. ಆ ಗಳಿಗೆ ಮಾತ್ರ ಅಯ್ಯೋ ಪಾಪ ಅನ್ನಿಸಿತು. ಭಾನುವಾರದ ನಿದ್ದೆ ಬಿಟ್ಟು ಮಗಳ ಪಕ್ಕ ಕೂತಿದ್ದಕ್ಕೆ ಸಿಕ್ಕ ಬಹುಮಾನ ಇದು. ಹುಡುಗಿ ಆಗಲೇ ಹಿಂದಿನ ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ, ಶಾಲೆ ಶುರುವಾಗುವ ಮೊದಲೇ, ನಾನು ಗಣಿತದ ಟೀಚರ ಕೋಣೆಗೆ ಹೋದೆ. ಕರೆಯದೆ ಹೋದದ್ದು. ಕೆಲಸ ಹೋದರೆ ಹೋಗಲಿ ಎಂದು ಮನೆಯಲ್ಲಿ ಹೇಳಿಯೇ ಬಂದಿದ್ದೆ. ಅವರು ಪ್ರತಿ ತೆಗೆಯುವ ಡಿಟೋ ಯಂತ್ರದಿಂದ ಆಗ ತಾನೇ ತೆಗೆದ ನೇರಳೆ ಅಕ್ಷರದ ಹಾಳೆಗಳನ್ನು ಎಣಿಸುತ್ತಿದ್ದರು; ಕೋಣೆಯೆಲ್ಲ ಸ್ಪಿರಿಟ್ಟಿನ ವಾಸನೆ. ರಫ್ ಮತ್ತು ಫೇರ್ ಕಥೆಯನ್ನು ಮೊದಲಿನಿಂದ ಹೇಳಿದೆ. ನಮ್ಮ ಕಡೆ ಅದು ಮೋಸವಲ್ಲ, ಮರ್ಯಾದೆ ಎಂದೆ. ಅವರು ಕೇಳಿಸಿಕೊಂಡರು, ಆದರೆ ನಂಬಿದಂತೆ ಕಾಣಲಿಲ್ಲ.

"ನಂಬಬೇಡಿ," ಎಂದೆ ಕೊನೆಗೆ ರೇಗಿ. "ನಿಮ್ಮ ಕಣ್ಣಿಂದಲೇ ನೋಡಿ. ಕೊನೆಯ ಕ್ವಾರ್ಟರು ಪೂರ್ತಿ ಅವಳು ನನ್ನ ಕೋಣೆಯಲ್ಲಿ ಕೂತು ಮಾಡುತ್ತಾಳೆ. ಮನೆಗೆ ಹೋಗುವ ಮೊದಲು ಹಾಳೆ ನಿಮ್ಮ ಬುಟ್ಟಿಯಲ್ಲಿರುತ್ತದೆ. ಪೆನ್ಸಿಲಿನಲ್ಲಿ, ಹೇಗಿದೆಯೋ ಹಾಗೆ. ಉತ್ತರ ಹಿಂದೆ ಇರದ ಸರಿ ಸಂಖ್ಯೆಯ ಲೆಕ್ಕವನ್ನೇ ಕೊಡಿ. ಆಮೇಲೆ ನೀವೇ ಹೇಳಿ."

ಅವರು ಎಣಿಸಿದ ಹಾಳೆಗಳನ್ನು ತಟ್ಟಿ ಜೋಡಿಸಿಟ್ಟರು. ಹಳೆಯ ಸೊನ್ನೆಗಳು ಸೊನ್ನೆಗಳೇ, ಅವನ್ನು ಮುಟ್ಟುವುದಿಲ್ಲ ಎಂದರು. ಕೊನೆಯ ಕ್ವಾರ್ಟರೂ ವರ್ಷದ ಕೊನೆಯ ಪರೀಕ್ಷೆಯೂ ಚೆನ್ನಾಗಿದ್ದರೆ ಶಿಫಾರಸಿನ ಬಗ್ಗೆ ಮತ್ತೆ ನೋಡುತ್ತೇನೆ ಎಂದರು. "ಆದರೆ ತಂದೆ ಒಂದು ಹಾಳೆಯನ್ನೂ ಮುಟ್ಟಕೂಡದು."

ಅದಕ್ಕೆ ಅಪ್ಪನನ್ನು ಒಪ್ಪಿಸುವುದಿತ್ತಲ್ಲ, ಅದು ಟೀಚರನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಅಪ್ಪ ವಾದ ಹೂಡಿದರು. ನೋಡಿ ತಿದ್ದದೆ ಕೊಡ್ತೀನಿ ಅಂದರು. ಬರೀ ನೋಡ್ತೀನಿ ಅಂದರು. ಕೊಟ್ಟ ಮೇಲಾದರೂ ನೋಡಬಹುದಾ ಅಂದರು. ತಪ್ಪಿರುವ ಕಾಗದ ಮಗಳ ಹೆಸರು ಹೊತ್ತುಕೊಂಡು ಇನ್ನೊಬ್ಬರ ಕೈಗೆ ಹೋಗುವುದನ್ನು ಆ ಮನುಷ್ಯನಿಗೆ ಊಹಿಸಲೂ ಆಗುತ್ತಿರಲಿಲ್ಲ. ಕೊನೆಗೆ ತಾಯಿ ಫೋನು ಕಸಿದುಕೊಂಡರು.

"ಅಕ್ಕಾ, ನೀವು ಮಾಡಿ. ಇವರನ್ನ ನಾನು ನೋಡ್ಕೋತೀನಿ."

ಮೊದಲ ದಿನವೇ ಹೊಸ ತಲೆನೋವು. ಅಪ್ಪ ಇರಲಿಲ್ಲ, ಆದರೆ ಅಪ್ಪನ ಅಭ್ಯಾಸ ಹುಡುಗಿಯ ಕೈಯೊಳಗೇ ಕೂತಿತ್ತು. ಒಂದು ಲೆಕ್ಕ ಮಾಡುವುದು, ಅಳಿಸುವುದು. ಮತ್ತೆ ಮಾಡುವುದು, ಅಕ್ಷರ ಸೊಟ್ಟಗಾಯಿತೆಂದು ಅಳಿಸುವುದು. ಹಾಳೆ ತೂತು ಬಿತ್ತು. ಬೇರೆ ಹಾಳೆಗೆ ಇಳಿಸತೊಡಗಿದಳು. ಕೋಣೆ ಮುಚ್ಚುವ ಹೊತ್ತಾದರೂ ಮೂರನೇ ಲೆಕ್ಕ ದಾಟಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಅವಳ ಪೆನ್ಸಿಲಿನ ತುದಿಯ ರಬ್ಬರನ್ನು ಇಕ್ಕಳದಲ್ಲಿ ಕಿತ್ತು ಕಸದ ಡಬ್ಬಿಗೆ ಹಾಕಿದೆ.

"ಇನ್ಮೇಲೆ ಅಳಿಸೋ ಹಾಗಿಲ್ಲ. ತಪ್ಪಾದ್ರೆ ಒಂದೇ ಒಂದು ಗೆರೆ ಎಳಿ, ಕೆಳಗೆ ಮತ್ತೆ ಬರಿ. ಉತ್ತರಕ್ಕೆ ಒಂದು ಚೌಕ ಹಾಕು. ಮುಂದಿನ ಲೆಕ್ಕಕ್ಕೆ ಹೋಗು."

"ಇಟ್ ಲುಕ್ಸ್ ಅಗ್ಲಿ."

"ಇರಲಿ. ಅಸಹ್ಯವಾಗಿದ್ರೂ ಇರಲಿ, ಬುಟ್ಟೀಲಿರಲಿ."

ಎರಡನೆಯ ದಿನ ಹಾಳೆ ಬುಟ್ಟಿಗೆ ಬಿತ್ತು. ಮೂರನೆಯ ದಿನವೂ ಬಿತ್ತು. ಒಳಗಿನ ಲೆಕ್ಕ ನೋಡುವ ಗೋಜಿಗೆ ಹೋಗದೆ ನಾನು ಗೆದ್ದೆ ಅಂದುಕೊಂಡೆ. ಆಮೇಲೆ ತಿದ್ದಿದ ಹಾಳೆಗಳು ವಾಪಸು ಬಂದವು.

ಅರ್ಧಕ್ಕರ್ಧ ತಪ್ಪು. ಅದೂ ಬೇರೆ ಬೇರೆ ತಪ್ಪಲ್ಲ, ಒಂದೇ ತಪ್ಪು. ಕಂಸದ ಹಿಂದೆ ಮೈನಸ್ ಇದ್ದರೆ ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗಬೇಕು. ಅವಳು ಮೊದಲನೆಯದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಡುತ್ತಿದ್ದಳು. ಯಾವಾಗಿನಿಂದ ಹೀಗೆ ಮಾಡುತ್ತಿದ್ದೀಯ ಎಂದು ಕೇಳಿದೆ. ಯಾವಾಗಲೂ ಹೀಗೇ ಎಂದಳು. ಅಪ್ಪ ಆ ಚಿಹ್ನೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು, ಅವಳು ಫೇರಿನಲ್ಲಿ ಸರಿ ಮಾಡಿ ಬರೆಯುತ್ತಿದ್ದಳು. ಯಾಕೆ ಸುತ್ತು ಹಾಕಿದರು ಎಂದು ಅವಳು ಕೇಳಿರಲಿಲ್ಲ. ಅಷ್ಟು ಸಣ್ಣ ವಿಷಯ ಹೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ. ಪ್ರತಿ ವಾರ ಅದೇ ತಪ್ಪು, ಅದೇ ಸುತ್ತು, ಅದೇ ಫೇರ್ ಕಾಪಿ. ಅಷ್ಟು ಅಂದದ ಕಟ್ಟಿನಡಿಯಲ್ಲಿ ಆ ತಪ್ಪು ಹಾಯಾಗಿ ಬೆಳೆದಿತ್ತು. ಇಷ್ಟು ದಿನ ಟೀಚರ ಮೇಲೆ ಕಿಡಿಕಾರಿದ್ದೆ. ಅವರ ಅನುಮಾನದಲ್ಲಿ ಅರ್ಧ ಸತ್ಯವಿತ್ತೆಂದು ಗೊತ್ತಾದಾಗ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ನನ್ನ ತಲೆಯನ್ನೇ ಚಚ್ಚಿಕೊಂಡೆ.

ಹಾಳೆಯ ಪಕ್ಕದಲ್ಲಿ ಟೀಚರು ಎರಡು ಸಾಲು ಬರೆದಿದ್ದರು: ಮೈನಸ್ಸು ಕಂಸದೊಳಗಿನ ಎಲ್ಲರಿಗೂ ಸೇರಿದ್ದು, ಬಾಗಿಲಲ್ಲಿ ನಿಂತವನೊಬ್ಬನಿಗಲ್ಲ. ಇಡೀ ವರ್ಷದಲ್ಲಿ ಅವಳ ಹೋಂವರ್ಕಿನ ಮೇಲೆ ಬಿದ್ದ ಟೀಚರ ಮೊದಲ ಅಕ್ಷರ ಅದು. ಹುಡುಗಿ ಅದನ್ನು ಎರಡು ಸಲ ಓದಿದಳು. "ಓ," ಎಂದಳು. ಅಷ್ಟೇ. ನಾನು ಅಂಥದೇ ಲೆಕ್ಕಗಳನ್ನು ಹಲಗೆಯ ಮೇಲೆ ಬರೆದು, ಕಂಸದೊಳಗಿನ ಒಂದೊಂದು ಅಂಕೆಯ ತಲೆಯ ಮೇಲೂ ಮೈನಸ್ಸಿನ ಬಾಣ ಎಳೆಸಿದೆ. ಕೆಲವು ದಿನ ಮರೆಯುತ್ತಿದ್ದಳು, ಗೆರೆ ಎಳೆದು ಮತ್ತೆ ಬರೆಯುತ್ತಿದ್ದಳು. ಹಾಳೆಗಳು ನೋಡಲು ಗಲೀಜಾದವು. ಅಂಕ ಮೆಲ್ಲಗೆ ಮೇಲೇರಿತು.

ಇಷ್ಟಾಗುವಾಗ ಒಂದು ಸಂಜೆ ಅಪ್ಪ ನನ್ನ ಕೋಣೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಆಫೀಸಿನಿಂದ ಬೇಗ ಹೊರಟು ಬಂದಿದ್ದರು. ಕೊರಳಲ್ಲಿ ಕಂಪನಿಯ ಬ್ಯಾಡ್ಜು ಇನ್ನೂ ನೇತಾಡುತ್ತಿತ್ತು.

"ಕರ್ಕೊಂಡ್ ಹೋಗಕ್ ಬಂದೆ ಅಷ್ಟೇ," ಎಂದರು. ಕಣ್ಣು ಮಾತ್ರ ಮಗಳ ಹಾಳೆಯ ಮೇಲೆಯೇ ಇತ್ತು.

"ಕೂತ್ಕೊಳಿ. ಇನ್ನೊಂದು ಲೆಕ್ಕ ಇದೆ," ಎಂದು ದೂರದ ಕುರ್ಚಿ ತೋರಿಸಿದೆ. ಮಕ್ಕಳ ಕುರ್ಚಿ, ಮಂಡಿ ಎದೆಗೆ ಬರುವಂತೆ ಕೂತರು. ಸ್ವಲ್ಪ ಹೊತ್ತಿಗೆ ಕುರ್ಚಿ ಸರಿದ ಸದ್ದಾಯಿತು. ನೋಡಿದರೆ ಅವಳ ಹಿಂದೆ ಬಂದು ನಿಂತಿದ್ದಾರೆ. ಬೆರಳು ಹಾಳೆಯ ಕಡೆ ಹೊರಟಾಗಿತ್ತು.

"ಮುಟ್ಟಬೇಡಿ ಸಾರ್!" ನನ್ನ ದನಿಗೆ ಮಿಕ್ಕ ಮಕ್ಕಳೆಲ್ಲ ತಲೆಯೆತ್ತಿದರು.

"ಮುಟ್ಟಲ್ಲ ಮೇಡಂ, ಆದ್ರೆ ಆ ಎರಡನೇ ಸಾಲಲ್ಲಿ..."

"ಹೇಳ್ಲೂಬೇಡಿ."

ತಪ್ಪು ಇತ್ತು. ನನಗೂ ಕಾಣುತ್ತಿತ್ತು. ಅವರ ಮುಖ ಕೆಂಪಗಾಯಿತು. ಸೀನು ಬಂದು ನಿಂತವರ ಹಾಗೆ ಬಾಯಿ ತೆರೆದು ಮುಚ್ಚಿದರು. ಹುಡುಗಿ ಅಪ್ಪನ ಮುಖ ನೋಡಿದಳು. ಏನೋ ಎಡವಟ್ಟಾಗಿದೆ ಎಂದು ಅವಳಿಗೆ ತಿಳಿಯಿತು. ಹಾಳೆಯನ್ನು ಮತ್ತೆ ಮೇಲಿನಿಂದ ಕೆಳಗೆ ಓದಿದಳು. ಸಿಗಲಿಲ್ಲ. ಅಪ್ಪನನ್ನು ಕೇಳಿದ್ದರೆ ಅವರು ಖಂಡಿತ ಹೇಳಿಬಿಡುತ್ತಿದ್ದರು, ಅವರನ್ನು ತಡೆಯುವ ಶಕ್ತಿ ನನಗೂ ಇರಲಿಲ್ಲ. ಅವಳು ಕೇಳಲಿಲ್ಲ. ಎದ್ದು, ಅಂಗಳ ದಾಟಿ, ಗಣಿತದ ಟೀಚರ ಕೋಣೆಗೆ ಹೋಗಿ, ತಪ್ಪಿರುವ ಆ ಹಾಳೆಯನ್ನು ಬುಟ್ಟಿಗೆ ಹಾಕಿ ಬಂದಳು.

ಅಪ್ಪ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. "ತಪ್ಪಿದೆ ಅಂತ ಗೊತ್ತಿದ್ದೂ ಹಾಕ್ಬಿಟ್ಳಲ್ಲ ಮೇಡಂ," ಎಂದರು. ಹೆದರಿದ್ದರೋ ಬೆರಗಾಗಿದ್ದರೋ ತಿಳಿಯಲಿಲ್ಲ. ಮಗಳು ವಾಪಸು ಬಂದಾಗ ಏನೂ ಅನ್ನದೆ ಅವಳ ಬ್ಯಾಗು ಎತ್ತಿಕೊಂಡರು.

ಕ್ವಾರ್ಟರು ಮುಗಿಯಿತು, ಪರೀಕ್ಷೆಯೂ ಮುಗಿಯಿತು. ಗುಡ್ಡಗಳು ಮತ್ತೆ ಒಣಗಿ ಹಳದಿಯಾದವು. ಟೀಚರು ನನಗೆ ಏನೂ ಹೇಳಲಿಲ್ಲ; ಏಡ್‌ಗೆ ಹೇಳುವ ಪದ್ಧತಿಯಿರಲಿಲ್ಲ. ರಿಪೋರ್ಟ್ ಕಾರ್ಡುಗಳು ಅಂಚೆಯಲ್ಲಿ ಮನೆಗಳಿಗೆ ಹೋಗುತ್ತಿದ್ದವು. ರಜೆಯ ಮೊದಲ ವಾರ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಗೋಡೆಯ ಫೋನು ಹೊಡೆದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿದೆ.

"ಮೇಡಂ, ಕಾರ್ಡ್ ಬಂತು. ಮ್ಯಾಥಲ್ಲಿ ಬಿ ಕೊಟ್ಟವ್ರೆ."

"ಆಲ್ಜಿಬ್ರಾ?"

"ಅದು ಸಿಕ್ಕಿದೆ. ನಾನು ಹೇಳಕ್ ಬಂದಿದ್ದು ಅದಲ್ಲ. ಕೆಳಗೆ ಟೀಚರು ಏನ್ ಬರ್ದವ್ರೆ ಗೊತ್ತಾ? ಕೆಲಸ ಇನ್ನೂ ನೀಟಾಗಿರಬೇಕು ಅಂತ! ನಾನು ಬಡ್ಕೊಂಡಿದ್ದೇನು, ಅವ್ರು ಬರ್ದಿರೋದೇನು?"

ರಿಸೀವರನ್ನು ಗೋಡೆಗೆ ಕುಟ್ಟಬೇಕೆನ್ನಿಸಿತು. ಸಿಕ್ಕಿದೆಯಂತೆ. ಅದಲ್ಲವಂತೆ! ಅಷ್ಟು ತಿಂಗಳು ನಾವೆಲ್ಲ ಕಾದದ್ದು ಸಿಕ್ಕಿತ್ತು, ಈ ಮಹಾರಾಯರ ಭೂತಗನ್ನಡಿ ಕೊನೆಯ ಸಾಲಿನ ಮೇಲೆ ಹೋಗಿ ನಿಂತಿತ್ತು.

"ಮಗಳಿಗೆ ಏನ್ ಹೇಳಿದ್ರಿ?"

"ಇನ್ನೂ ಏನೂ ಹೇಳಿಲ್ಲ. ಎಲ್ಲಾ ಸಬ್ಜೆಕ್ಟೂ ಪೂರ್ತಿ ನೋಡಿ, ಭಾನುವಾರ ಕೂರಿಸ್ಕೊಂಡು ಮಾತಾಡ್ತೀನಿ."

"ಎಲ್ಲಿದಾಳೆ ಅವ್ಳು?"

"ಇಲ್ಲೇ ನಿಂತವ್ಳೆ."

"ಸಾರ್, ಭಾನುವಾರ ಬೇಡ. ಚೆನ್ನಾಗಿ ಮಾಡಿದೀಯ ಅಂತ ಈಗ್ಲೇ ಹೇಳಿ. ಅಲ್ಲಿ ತನಕ ನಾನು ಫೋನ್ ಇಡಲ್ಲ."

ಹೇಳುವ ಅಭ್ಯಾಸವೇ ಇಲ್ಲದವರು ಮಾತು ಹುಡುಕುತ್ತಿದ್ದರು ಎಂದು ಕಾಣುತ್ತದೆ. ಆಮೇಲೆ ರಿಸೀವರು ಸ್ವಲ್ಪ ದೂರ ಹೋದ ಸದ್ದು.

"ಪುಟ್ಟಿ, ಚೆನ್ನಾಗಿ ಮಾಡಿದೀಯ ಕಣವ್ವ." ಒಂದು ಗಳಿಗೆ ಬಿಟ್ಟು, "ಆದ್ರೆ..."

"ಆದ್ರೆ ಬೇಡ!" ನಾನು ಕಿರುಚಿದ್ದು ಅವರ ಅಡುಗೆಮನೆಯ ತನಕ ಕೇಳಿಸಿರಬೇಕು. ಅವರು ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ಹುಡುಗಿ ಅಳುವ ಸದ್ದು ಕೇಳಿಸಿತು. ಸೊನ್ನೆ ಬಂದಾಗ, ಕಾಪಿ ಎಂಬ ಅನುಮಾನ ಬಂದಾಗ ಕಣ್ಣು ತುಂಬಿಕೊಂಡು ಸುಮ್ಮನಿದ್ದವಳು ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಮೇಡಂ, ಅಳ್ತಾವ್ಳೆ," ಎಂದರು ಅಪ್ಪ ಗಾಬರಿಯಿಂದ. "ನಾನೇನ್ ತಪ್ಪು ಹೇಳ್ದೆ? ಈಗೇನ್ ಮಾಡ್ಲಿ?"

"ಏನೂ ಮಾಡ್ಬೇಡಿ," ಎಂದೆ. "ಪಕ್ಕದಲ್ಲಿ ಕೂತ್ಕೊಳಿ. ಏನನ್ನೂ ತಿದ್ದೋಕೆ ಹೋಗ್ಬೇಡಿ."